ಬಿಳಿ ಹೋಗುವುದು: ಯಾವುದು ಮಾಮೂಲಿ, ಯಾವಾಗ ಡಾಕ್ಟರ್ ಹತ್ತಿರ?

"ಸೊಂಟ ಭಾಳ ನೋಯ್ತೈತ್ರಿ" ಎಂದು ಡಾಕ್ಟರ್ ಮುಂದೆ ಕೂತ ಹೆಣ್ಣುಮಗಳು ಚೀಟಿ ಬರೆಸಿಕೊಂಡು ಏಳುತ್ತಾಳೆ. ಬಾಗಿಲ ತನಕ ಹೋಗಿ, ತಿರುಗಿ, ಮೆಲ್ಲಗೆ ಹೇಳುತ್ತಾಳೆ: "ಮತ್ತ... ಬಿಳಿನೂ ಹೋಗತೈತ್ರಿ." ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಈ ಮಾತು ಬಾಯಿಗೆ ಬರುವುದೇ ಹೀಗೆ, ಎಲ್ಲ ಮುಗಿದ ಮೇಲೆ. ಅಷ್ಟರಲ್ಲಿ ಹೊರಗೆ ಪಾಳಿ ಉದ್ದ ಇರುತ್ತದೆ. ಸೊಂಟಕ್ಕೆ ಗುಳಿಗೆ ಸಿಗುತ್ತದೆ, ಅಸಲಿ ತೊಂದರೆ ಹಾಗೇ ಉಳಿಯುತ್ತದೆ.

ಮೊದಲು ನಿಮ್ಮ ಮಾಮೂಲಿ ಯಾವುದು ಅಂತ ತಿಳಿದುಕೊಳ್ಳಿ. ಬಿಳಿ ಹೋಗುವುದೆಲ್ಲ ರೋಗ ಅಲ್ಲ. ಯೋನಿ ತನ್ನನ್ನು ತಾನೇ ಸ್ವಚ್ಛ ಮಾಡಿಕೊಳ್ಳುವ ಬಗೆ ಅದು. ಹಾಲು ಮೊಸರಾಗಿಸುವ ಬ್ಯಾಕ್ಟೀರಿಯಾಗಳ ಬಳಗದವೇ ಅಲ್ಲಿ ಇರುತ್ತವೆ. ಅವು ಒಳಗೆ ಹುಳಿ ಕಾಪಾಡಿ ಬೇರೆ ರೋಗಾಣುಗಳನ್ನು ದೂರ ಇಡುತ್ತವೆ. ಎರಡು ಮುಟ್ಟಿನ ನಡುವೆ ಮೊಟ್ಟೆಯ ಲೋಳೆಯಂತೆ ತಿಳಿಯಾಗಿ, ಎಳೆ ಎಳೆಯಾಗಿ ಹೋದರೆ ಅದು ಅಂಡ ಬಿಡುವ ಹೊತ್ತು. ಆಮೇಲೆ ಸ್ವಲ್ಪ ಗಟ್ಟಿಯಾಗುತ್ತದೆ. ಬಸುರಿಯರಿಗೆ ಜಾಸ್ತಿ. ಮೊದಲ ಮುಟ್ಟಿಗೆ ಕೆಲವು ತಿಂಗಳು ಮುಂಚೆ ಹುಡುಗಿಯರಿಗೂ ಹೋಗುತ್ತದೆ. ಕೆಟ್ಟ ವಾಸನೆ, ತುರಿಕೆ, ನೋವು, ಬಣ್ಣದ ಬದಲಾವಣೆ, ರಕ್ತ ಇಲ್ಲದಿದ್ದರೆ ಸುಮ್ನೆ ಇರಿ.

"ಬಿಳಿ ಹೋದ್ರ ಎಲುಬು ಕರಗ್ತಾವ" ಎಂದು ಅಜ್ಜಿಯರು ಹೇಳುತ್ತಾರಲ್ಲ, ಎಲುಬು ಕರಗುವುದಿಲ್ಲ. ಸುಸ್ತು ಇದ್ದರೆ ರಕ್ತ ಕಡಿಮೆ ಆಗಿರಬಹುದು. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

ಎರಡನೆಯದು, ಬದಲಾವಣೆ ಗಮನಿಸಿ. ಬಣ್ಣ, ವಾಸನೆ, ತುರಿಕೆ, ನೋವು, ಇಷ್ಟನ್ನು ನೋಡಿದರೆ ಸಾಕು. ಒಡೆದ ಹಾಲಿನ ಹಾಗೆ ಗಟ್ಟಿ, ಜೊತೆಗೆ ವಿಪರೀತ ತುರಿಕೆ ಇದ್ದರೆ ಬಹಳ ಸಲ ಅದು ಫಂಗಸ್. ಆಂಟಿಬಯೋಟಿಕ್ ತೆಗೆದುಕೊಂಡ ಮೇಲೆ, ಬಸುರಿನಲ್ಲಿ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಇದು ಜಾಸ್ತಿ. ಪದೇ ಪದೇ ಬಂದರೆ ಶುಗರ್ ನೋಡಿಸಲೇಬೇಕು. ಬೂದಿ ಬಣ್ಣ, ನೀರು ನೀರು, ಮೀನಿನ ವಾಸನೆ ಇದ್ದರೆ ಒಳಗಿನ ಬ್ಯಾಕ್ಟೀರಿಯಾಗಳ ಲೆಕ್ಕ ತಪ್ಪಿರಬಹುದು. ಹಳದಿ-ಹಸಿರು, ನೊರೆ ನೊರೆಯಾಗಿದ್ದರೆ ಟ್ರೈಕೊಮೋನಾಸ್ ಎಂಬ ಸೂಕ್ಷ್ಮ ಪರೋಪಜೀವಿ ಇರಬಹುದು. ಅದು ಸಂಭೋಗದಿಂದ ಹರಡುವಂಥದ್ದು. ಆದರೆ ಬರೀ ಕಣ್ಣಂದಾಜಿನಲ್ಲಿ ಖಾತ್ರಿ ಆಗುವುದಿಲ್ಲ. ಹಾಗಾಗಿ ಮೆಡಿಕಲ್ ಶಾಪ್‌ನಲ್ಲಿ "ಅದಕ್ಕೊಂದು ಗುಳಿಗಿ ಕೊಡ್ರಿ" ಅನ್ನಬೇಡಿ.

ಬ್ಯಾಡಗಿ ಕಡೆಯವರಿಗೆ ಒಂದು ಮಾತು. ದಿನವಿಡೀ ಮೆಣಸಿನಕಾಯಿ ತೊಟ್ಟು ಬಿಡಿಸಿದ ಕೈಯಲ್ಲೇ ಶೌಚಕ್ಕೆ ಹೋದರೆ ಉರಿಯದೇ ಇರುತ್ತದೆಯೇ? ಹೋಗುವ ಮುಂಚೆಯೇ ಕೈಗೆ ಎಣ್ಣೆ ಹಚ್ಚಿ, ಸೋಪಿನಿಂದ ತೊಳೆಯಿರಿ.

ಒಳಗೆ ಡೆಟಾಲ್, ಸೋಪು, ಬಿಸಿನೀರು ಹಾಕಿ ತೊಳೆಯುವುದು ಬೇಡವೇ ಬೇಡ. ಒಳ್ಳೆಯ ಬ್ಯಾಕ್ಟೀರಿಯಾ ಕೂಡ ಕೊಚ್ಚಿ ಹೋಗುತ್ತವೆ. ಹೊರಭಾಗ ನೀರಿನಿಂದ ತೊಳೆದರೆ ಸಾಕು. ಒಳಬಟ್ಟೆ ಹತ್ತಿಯದಿರಲಿ. ಯಾರಿಗೂ ಕಾಣಬಾರದೆಂದು ಸೀರೆ ಕೆಳಗೆ ಮುಚ್ಚಿ ಒಣಹಾಕುತ್ತೇವಲ್ಲ, ಅದನ್ನು ಬಿಟ್ಟು ಬಿಸಿಲಿಗೆ ಹಾಕಿ.

ಇನ್ನು, ಯಾವಾಗ ಹೋಗಬೇಕು? ವಾಸನೆ, ತುರಿಕೆ, ಬಣ್ಣದ ಬದಲಾವಣೆ, ಉರಿಮೂತ್ರ ಕಂಡರೆ ಒಂದೆರಡು ದಿನದಲ್ಲಿ. ಜ್ವರದ ಜೊತೆ ಕಿಬ್ಬೊಟ್ಟೆ ನೋವು ಇದ್ದರೆ ಅವತ್ತೇ. ಸೋಂಕು ಗರ್ಭಚೀಲಕ್ಕೆ, ನಳಿಕೆಗಳಿಗೆ ಏರಿರಬಹುದು. ಬಿಟ್ಟರೆ ಮುಂದೆ ಮಕ್ಕಳಾಗುವುದಕ್ಕೂ ತೊಂದರೆ. ಬಸುರಿಯರಿಗೆ ರಕ್ತ ಕಂಡರೆ, ನೀರು ಸೋರಿದರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ. ಮುಟ್ಟು ನಿಂತು ವರ್ಷವಾದ ಮೇಲೆ ರಕ್ತ ಕಂಡರೆ, ಗಂಡನ ಜೊತೆ ಕೂಡಿದ ಮೇಲೆ ರಕ್ತ ಬಂದರೆ, ರಕ್ತ ಬೆರೆತ ನಾರುವ ನೀರು ಹೋದರೆ, ನೋವು ಇಲ್ಲದಿದ್ದರೂ ತೋರಿಸಿ. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಇದೆಯೋ ಇಲ್ಲವೋ ನೋಡಬೇಕಾಗುತ್ತದೆ. ಸಣ್ಣ ಹುಡುಗಿಗೆ ವಾಸನೆಯ ಸ್ರಾವ ಇದ್ದರೆ ಒಳಗೆ ಏನಾದರೂ ಸಿಕ್ಕಿಕೊಂಡಿರಬಹುದು, ಯಾರಾದರೂ ಕಿರುಕುಳ ಕೊಟ್ಟಿರಲೂಬಹುದು. ಗದರಿಸದೆ ಕರೆದೊಯ್ಯಿರಿ.

ಎಲ್ಲಿಗೆ ಹೋಗುವುದು? ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಶುರು ಮಾಡಬಹುದು. ಹುಬ್ಬಳ್ಳಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ (ಹಿಂದಿನ ಕಿಮ್ಸ್, ಈಗ ಕೆಎಂಸಿಆರ್‌ಐ), ಧಾರವಾಡದ ಜಿಲ್ಲಾ ಆಸ್ಪತ್ರೆ, ಗದಗಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ (ಜಿಮ್ಸ್), ಹಾವೇರಿಯ ಜಿಲ್ಲಾ ಆಸ್ಪತ್ರೆ ಇದ್ದೇ ಇವೆ. ಸರ್ಕಾರಿ ಆಸ್ಪತ್ರೆಯಲ್ಲಿ ಇಂಥ ಗುಪ್ತಾಂಗದ ಸೋಂಕುಗಳನ್ನು ನೋಡುವ ಸುರಕ್ಷಾ ಕ್ಲಿನಿಕ್ ಎಲ್ಲಿದೆ ಕೇಳಿ. ಅಲ್ಲಿ ಔಷಧಿ ಪುಕ್ಕಟೆ, ಮಾತು ಗುಟ್ಟಾಗಿರುತ್ತದೆ. ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿಯೂ ವಿಚಾರಿಸಬಹುದು.

ಒಳಗೆ ಹೋದ ಕೂಡಲೇ ಮೊದಲ ಮಾತೇ ಇದಾಗಲಿ: "ಬಿಳಿ ಹೋಗತೈತ್ರಿ, ಇಷ್ಟು ದಿನ ಆತು." ಕೊನೆಯ ಮುಟ್ಟಿನ ತಾರೀಖು, ಬಸುರಿನ ಅನುಮಾನ, ಈಗ ತೆಗೆದುಕೊಳ್ಳುವ ಗುಳಿಗೆ, ಎಲ್ಲ ಹೇಳಿ. ಸ್ಪೆಕ್ಯುಲಮ್ ಎಂಬ ಸಾಧನ ಇಟ್ಟು ನೋಡುತ್ತಾರೆ, ಹತ್ತಿಯ ಕಡ್ಡಿಯಲ್ಲಿ ಸ್ಯಾಂಪಲ್ ತೆಗೆಯಬಹುದು. ಕೆಲವೇ ನಿಮಿಷದ ಕೆಲಸ. ಮೈ ಬಿಗಿ ಹಿಡಿಯದಿದ್ದರೆ ನೋವು ಕಡಿಮೆ. ಪುರುಷ ಡಾಕ್ಟರ್ ಇದ್ದರೆ ನರ್ಸ್ ಜೊತೆಗಿರಲಿ ಎಂದು ಕೇಳುವುದು ನಿಮ್ಮ ಹಕ್ಕು.

ಗುಳಿಗೆಯನ್ನು ಅರ್ಧಕ್ಕೆ ಬಿಡಬೇಡಿ. ಗಂಡನಿಗೂ ಕೊಟ್ಟಿದ್ದರೆ ಆತನೂ ನುಂಗಲೇಬೇಕು, ಇಲ್ಲದಿದ್ದರೆ ಸೋಂಕು ವಾಪಸ್ ನಿಮಗೇ. ಇಬ್ಬರ ಗುಳಿಗೆಯೂ ಮುಗಿಯುವವರೆಗೆ ಕೂಡುವುದು ಬೇಡ.

ಕೊನೆಗೆ ಒಂದು. ಬಿಳಿ ಹೋಗುತ್ತದೆ ಎಂಬ ಒಂದೇ ಕಾರಣಕ್ಕೆ "ಗರ್ಭಚೀಲ ತೆಗೆಸಿಬಿಡಿ" ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಬೇಡದ ಆಪರೇಷನ್ ಆಯಿತೆಂದು ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ಪರಿಹಾರಕ್ಕಾಗಿ ವರ್ಷಗಟ್ಟಲೆ ಹೋರಾಡಿದ್ದನ್ನು ನೋಡಿದ್ದೇವೆ. ಚೀಟಿ, ಸ್ಕ್ಯಾನಿಂಗ್ ರಿಪೋರ್ಟ್ ಎಲ್ಲ ಕೈಯಲ್ಲಿ ಹಿಡಿದು ಇನ್ನೊಬ್ಬ ಡಾಕ್ಟರನ್ನು ಕೇಳಿ.