‘ನಿಮ್ಮ ಹೆಸರು ನಮ್ಮ ಹೆಸರಿನ ಹಾಗೇ ಇದೆ’ ಅಂತ ನೋಟಿಸ್ ಬಂದರೆ ಏನು ಮಾಡಬೇಕು?

ನಮ್ಮ ಅತ್ತಿಗೆ ದಾವಣಗೆರೆಯಲ್ಲಿ ಚಟ್ನಿಪುಡಿ ಮಾಡಿ ಮಾರುತ್ತಾರೆ. ಹೆಸರಿಗೆ ಟ್ರೇಡ್‌ಮಾರ್ಕ್ ಮಾಡಿಸೋಣ ಅಂತ ಅರ್ಜಿ ಹಾಕಿದ್ದರು. ಸ್ವಲ್ಪ ದಿನ ಬಿಟ್ಟು ದೊಡ್ಡದೊಂದು ಮಸಾಲೆ ಕಂಪನಿಯಿಂದ ವಿರೋಧದ ನೋಟಿಸ್ ಬಂತು. ನಿಮ್ಮ ಹೆಸರು ನಮ್ಮದರ ಹಾಗೇ ಇದೆ, ಗಿರಾಕಿಗಳು ಮೋಸ ಹೋಗುತ್ತಾರೆ ಅಂತ. ಅತ್ತಿಗೆ ಮಾಡಿದ ಮೊದಲ ಕೆಲಸ, ಎರಡೂ ಪ್ಯಾಕೆಟ್ಟನ್ನು ಪಕ್ಕಪಕ್ಕ ಇಟ್ಟು ನನಗೆ ಫೋಟೊ ಕಳಿಸಿದ್ದು. ‘ನೋಡು, ಎರಡಕ್ಷರ ಬೇರೆ ಇದೆ, ಬಣ್ಣವೂ ಬೇರೆ. ಇದರಲ್ಲಿ ಯಾರಿಗೆ ಏನು ಗೊಂದಲ?’

ಸುಮಾರು ಜನ ಎಡವುವುದು ಇಲ್ಲೇ. ಅಂಗಡಿಗೆ ಬರುವವರು ಹಳೇ ಪ್ಯಾಕೆಟ್ ಕೈಯಲ್ಲಿ ಹಿಡಿದುಕೊಂಡು ಬರುವುದಿಲ್ಲ ಅಲ್ವಾ? ಹೋದ ತಿಂಗಳು ಒಯ್ದಿದ್ದರ ಅರೆಬರೆ ನೆನಪಷ್ಟೇ ಇರುತ್ತದೆ. ‘ಅದೇ ರೀ, ಕೆಂಪು ಪ್ಯಾಕೆಟ್ಟು, ಅದೇನೋ ಧಾರಾ ಅಂತ ಹೆಸರು’ ಅನ್ನುತ್ತಾರೆ. ಈ ಗಿರಾಕಿ ಮೋಸ ಹೋಗುತ್ತಾನಾ ಅನ್ನುವುದೇ ಪ್ರಶ್ನೆ.

ಧಾರಾ ಅಂತ ಸುಮ್ನೆ ಹೇಳಲಿಲ್ಲ. ತಲೆನೋವು, ಹೊಟ್ಟೆನೋವಿಗೆಲ್ಲ ಒಂದೇ ಔಷಧಿ ಅಂತ ‘ಅಮೃತಧಾರಾ’ ಮಾರಾಟವಾಗುತ್ತಿದ್ದ ಕಾಲದಲ್ಲಿ ಉತ್ತರ ಪ್ರದೇಶದಲ್ಲಿ ‘ಲಕ್ಷ್ಮಣಧಾರಾ’ ಅಂತ ಇನ್ನೊಂದು ಬಂತು. ಅಮೃತ ಬೇರೆ, ಲಕ್ಷ್ಮಣ ಬೇರೆ ಅಂತ ನಮಗೆ ಅನ್ನಿಸುತ್ತದೆ. ಸುಪ್ರೀಂ ಕೋರ್ಟ್ 1962ರಲ್ಲಿ ಹಾಗೆ ನೋಡಲಿಲ್ಲ. ಮದ್ದು ಕೊಳ್ಳುವ ಸಾಮಾನ್ಯ ಮನುಷ್ಯ ಪದ ಬಿಡಿಸಿ ಅರ್ಥ ಹುಡುಕುತ್ತಾ ನಿಲ್ಲುವುದಿಲ್ಲ, ಪೂರ್ತಿ ಹೆಸರು ಕಿವಿಗೆ ಹೇಗೆ ಬೀಳುತ್ತದೆ ಅನ್ನುವುದು ಮುಖ್ಯ, ಹಾಗಾಗಿ ಎರಡೂ ಒಂದರಂತೆ ಒಂದಿವೆ ಅಂತ ಹೇಳಿತು. ಆದರೆ ಲಕ್ಷ್ಮಣಧಾರಾದವರು ಎಷ್ಟೋ ವರ್ಷ ಪ್ರಾಮಾಣಿಕವಾಗಿ ಮಾರಿದ್ದರು, ಎದುರಿನವರು ಸುಮ್ಮನಿದ್ದರು. ಅದಕ್ಕೇ ಉತ್ತರ ಪ್ರದೇಶದ ಮಟ್ಟಿಗೆ ಅವರಿಗೂ ನೋಂದಣಿ ಸಿಕ್ಕಿತು.

ಈಗ ಕೆಲಸಕ್ಕೆ ಬರೋಣ.

ಅರ್ಜಿಗೆ ಮೊದಲು

ಟ್ರೇಡ್‌ಮಾರ್ಕ್ ಇಲಾಖೆಯ ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ಪುಕ್ಕಟೆಯಾಗಿ ಹೆಸರು ಹುಡುಕಬಹುದು. ಅಕ್ಷರ ಹೊಂದಿಸಿ ಹುಡುಕಿ ಬಿಟ್ಟರೆ ಸಾಲದು, ಫೋನೆಟಿಕ್ ಅಂತ ಇನ್ನೊಂದು ಹುಡುಕಾಟ ಇದೆ, ಉಚ್ಚಾರದ ಮೇಲೆ ಹೋಗುವಂಥದ್ದು, ಅದನ್ನು ತಪ್ಪಿಸಲೇಬೇಡಿ. ನಾವು ಇಂಗ್ಲಿಷ್‌ನಲ್ಲಿ ‘ದ’ ಬರೆಯುವಾಗ ಎಚ್ ಸೇರಿಸುವುದು ಬಿಡುವುದು ಆ ದಿನದ ಮನಸ್ಸಿನ ಮೇಲಿರುತ್ತದೆ. ಇನ್ನೂ ಸುಲಭದ ಪರೀಕ್ಷೆ: ಹೆಸರನ್ನು ಫೋನಿನಲ್ಲಿ ಹೇಳಿ, ಆ ಕಡೆಯವರು ಏನು ಬರೆದುಕೊಂಡರು ಅಂತ ಕೇಳಿ.

ಆಮೇಲೆ ಕ್ಲಾಸ್, ಅಂದರೆ ಯಾವ ಬಗೆಯ ಸರಕು ಅನ್ನುವ ವಿಂಗಡಣೆ. ಸರಕು, ಸೇವೆ ಎಲ್ಲ ಸೇರಿ 45 ಕ್ಲಾಸ್‌ಗಳಿವೆ. ಮಸಾಲೆ, ಕಾಫಿ, ಟೀ 30ರಲ್ಲಿ, ಹಾಲು, ಮಾಂಸ, ಅಡುಗೆ ಎಣ್ಣೆ 29ರಲ್ಲಿ ಬರುತ್ತವೆ. ಸಣ್ಣ ಉದ್ಯಮಕ್ಕೆ, ಒಬ್ಬರ ಹೆಸರಿನ ಅರ್ಜಿಗೆ ಆನ್‌ಲೈನ್‌ನಲ್ಲಿ ಕ್ಲಾಸಿಗೆ 4,500 ರೂಪಾಯಿ, ದೊಡ್ಡ ಕಂಪನಿಗೆ 9,000.

ಅರ್ಜಿಯಲ್ಲಿ ಒಂದು ಸಣ್ಣ ಕಾಲಂ ಇದೆ: ಈ ಹೆಸರು ಯಾವಾಗಿನಿಂದ ಬಳಕೆಯಲ್ಲಿದೆ? ನಮ್ಮ ಏಜೆಂಟ್ ಮಹಾಶಯರು ‘ಮುಂದೆ ಬಳಸಲಿದ್ದೇವೆ’ ಅಂತ ಹಾಕಿ ಕೈ ತೊಳೆದುಕೊಂಡಿದ್ದರು. ಅತ್ತಿಗೆ ಆಗಲೇ ಆರು ವರ್ಷದಿಂದ ಮಾರುತ್ತಿದ್ದರು! ಬಳಕೆಯ ತಾರೀಕು ಹಾಕಿದರೆ ಜೊತೆಗೆ ಅಫಿಡವಿಟ್ಟು, ದಾಖಲೆ ಕೊಡಬೇಕು, ಅದರ ಗೋಜು ಯಾರಿಗೆ ಬೇಕು ಅಂತ ಇರಬೇಕು. ಆ ತಾರೀಕೇ ಮುಂದೆ ನಿಮ್ಮನ್ನು ಕಾಯುವುದು. ಎದುರಿನವರ ಬಳಿ ನೋಂದಣಿ ಇದ್ದರೂ, ಅವರು ಬಳಸುವುದಕ್ಕೂ ನೋಂದಾಯಿಸುವುದಕ್ಕೂ ಮೊದಲಿನಿಂದ ನೀವು ಬಳಸುತ್ತಿದ್ದರೆ ಕಾನೂನು ನಿಮ್ಮನ್ನು ತಡೆಯಲು ಬಿಡುವುದಿಲ್ಲ.

ಇಲಾಖೆಯೇ ಆಕ್ಷೇಪ ಎತ್ತಿದರೆ

ಇದು ಬೇರೆ, ವಿರೋಧ ಬೇರೆ. ಇಲಾಖೆಯವರು ಅರ್ಜಿ ಪರಿಶೀಲಿಸಿ ಕಳಿಸುವ ಪರೀಕ್ಷಾ ವರದಿಯಲ್ಲಿ ನಿಮ್ಮದಕ್ಕೆ ಹತ್ತಿರದ ಹೆಸರುಗಳನ್ನು ಪಟ್ಟಿ ಮಾಡಿ ಕಳಿಸುತ್ತಾರೆ. ತಲುಪಿದ ಒಂದು ತಿಂಗಳಲ್ಲಿ ಉತ್ತರ ಹೋಗಬೇಕು. ನೋಡಲು, ಕೇಳಲು, ಅರ್ಥದಲ್ಲಿ ಹೇಗೆ ಬೇರೆ ಅಂತ ಬರೆಯಿರಿ. ಅದಕ್ಕಿಂತ ಜಾಸ್ತಿ, ಸರಕು ಹೇಗೆ ಬೇರೆ, ಕೊಳ್ಳುವವರು ಯಾರು ಅಂತ ಬರೆಯಿರಿ.

ಇದಕ್ಕೆ ನಮ್ಮ ನಂದಿನಿ ಕೇಸ್‌ಗಿಂತ ಒಳ್ಳೇ ಪಾಠ ಇಲ್ಲ. ಕೆಎಂಎಫ್ 1985ರಿಂದ ‘ನಂದಿನಿ’ ಹೆಸರಿನಲ್ಲಿ ಹಾಲು ಮಾರುತ್ತಿದೆ. ಬೆಂಗಳೂರಿನ ನಂದಿನಿ ಡಿಲಕ್ಸ್ ಹೋಟೆಲ್‌ನವರು 1989ರಿಂದ ಅದೇ ಹೆಸರು ಇಟ್ಟುಕೊಂಡಿದ್ದಾರೆ, ಇಂಗ್ಲಿಷ್‌ನಲ್ಲಿ ಎಚ್ ಒಂದು ಹೆಚ್ಚು ಅಷ್ಟೇ. ಹೋಟೆಲ್‌ನವರ ನೋಂದಣಿಯನ್ನು ಕೆಎಂಎಫ್ ವಿರೋಧಿಸಿತು. 2007ರಲ್ಲಿ ಇಲಾಖೆ ಹೋಟೆಲ್ ಪರ ಹೇಳಿತು, ಮೇಲ್ಮನವಿ ಮಂಡಳಿ, ಹೈಕೋರ್ಟ್ ಎರಡೂ ಕೆಎಂಎಫ್ ಪರ ಹೇಳಿದವು, ಕೊನೆಗೆ 2018ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೋಟೆಲ್ ಪರ ತೀರ್ಪು ಕೊಟ್ಟಿತು. ನಂದಿನಿ ಅನ್ನುವುದು ಯಾರೋ ಹೊಸದಾಗಿ ಹುಟ್ಟಿಸಿದ ಪದವಲ್ಲ, ಪುರಾಣದ ಹಸುವಿನ ಹೆಸರು, ದೇವಿಯ ಹೆಸರು. ಲೋಗೊಗಳು ಬೇರೆ. ಕ್ಲಾಸ್ ಒಂದೇ ಆದ ಮಾತ್ರಕ್ಕೆ ಸರಕು ಒಂದೇ ಆಗುವುದಿಲ್ಲ. ಆದರೆ ಹಾಲು, ಹಾಲಿನ ಪದಾರ್ಥಗಳಿಗೆ ಮಾತ್ರ ಹೋಟೆಲ್‌ನವರಿಗೆ ಆ ಹೆಸರು ಇಲ್ಲ ಅಂದಿತು. ಬೆಳಿಗ್ಗೆ ಬೂತಿನಲ್ಲಿ ನೀಲಿ ಪ್ಯಾಕೆಟ್ ತಂದು ರಾತ್ರಿ ಅಲ್ಲಿ ಬಿರಿಯಾನಿ ತಿಂದ ಬೆಂಗಳೂರಿನವರು ಎಷ್ಟಿಲ್ಲ, ಗೊಂದಲ ಆಗಿದೆಯಾ?

ಔಷಧಿಯಾದರೆ ಮಾತ್ರ ಈ ಧೈರ್ಯ ಬೇಡ. ತಪ್ಪು ಮಾತ್ರೆ ನುಂಗಿದರೆ ಜೀವಕ್ಕೇ ಕುತ್ತು, ಹಾಗಾಗಿ ಅಲ್ಲಿ ಅಳತೆಗೋಲು ಇನ್ನೂ ಬಿಗಿ ಇರಬೇಕು ಅಂತ ಎರಡು ಔಷಧಿ ಕಂಪನಿಗಳ ನಡುವಿನ 2001ರ ಕ್ಯಾಡಿಲಾ ಕೇಸ್‌ನಲ್ಲೇ ಸುಪ್ರೀಂ ಕೋರ್ಟ್ ಹೇಳಿಯಾಗಿದೆ.

ಬೇರೆಯವರು ವಿರೋಧಿಸಿದರೆ

ಇಲಾಖೆ ಒಪ್ಪಿದ ಹೆಸರು ಅವರೇ ಹೊರಡಿಸುವ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಬರುತ್ತದೆ. ಅಲ್ಲಿಂದ ನಾಲ್ಕು ತಿಂಗಳು ಯಾರು ಬೇಕಾದರೂ ವಿರೋಧಿಸಬಹುದು. ನೋಟಿಸ್ ನಿಮಗೆ ತಲುಪಿದ ಎರಡು ತಿಂಗಳಲ್ಲಿ ಉತ್ತರ, ಅಂದರೆ ಕೌಂಟರ್ ಸ್ಟೇಟ್‌ಮೆಂಟ್, ಹಾಕಲೇಬೇಕು. ಆನ್‌ಲೈನ್ ಫೀಸು ಕ್ಲಾಸಿಗೆ 2,700. ತಪ್ಪಿದರೆ ಅರ್ಜಿಯನ್ನೇ ಕೈಬಿಟ್ಟ ಹಾಗೆ, ವಿನಾಯಿತಿ ಇಲ್ಲ. ನೋಟಿಸ್ ಬರುವುದು ಅರ್ಜಿಯಲ್ಲಿ ಕೊಟ್ಟ ಇಮೇಲ್‌ಗೆ, ಅದು ಎಷ್ಟೋ ಸಲ ಏಜೆಂಟರದ್ದೇ ಆಗಿರುತ್ತದೆ. ಅರ್ಜಿ ನಂಬರ್ ಹಾಕಿ ಹದಿನೈದು ದಿನಕ್ಕೊಮ್ಮೆ ನೀವೇ ಸ್ಟೇಟಸ್ ನೋಡಿಕೊಳ್ಳಿ.

ಆಮೇಲೆ ಸಾಕ್ಷ್ಯ. ಮೊದಲು ಎದುರಿನವರಿಗೆ ಎರಡು ತಿಂಗಳು, ಆಮೇಲೆ ನಿಮಗೆ ಎರಡು. ನಾವು ಇಡೀ ಮನೆ ಜಾಲಾಡಿದೆವು. ಕೊನೆಗೆ ಸಿಕ್ಕಿದ್ದು ಹಳೇ ಬಿಸ್ಕತ್ ಡಬ್ಬದಲ್ಲಿ, ಪ್ರಿಂಟಿಂಗ್ ಪ್ರೆಸ್ಸಿನ ಬಿಲ್ಲು: ‘ಚಟ್ನಿಪುಡಿ ಲೇಬಲ್ 1,000’, ಕೆಳಗೆ ತಾರೀಕು, ಸೀಲು. ಮೂಲೆಯಲ್ಲಿ ಎಣ್ಣೆ ಕಲೆ. ಲೇಬಲ್ ಬಿಲ್ಲು, ಅಂಗಡಿಗೆ ಹಾಕಿದ ಮಾಲಿನ ರಸೀದಿ, ಫುಡ್ ಲೈಸೆನ್ಸು, ಮೇಳದ ಮಳಿಗೆಯ ಫೋಟೊ, ಹೆಸರು ಮತ್ತು ತಾರೀಕು ಒಟ್ಟಿಗೇ ಇರುವ ಯಾವ ಚೀಟಿಯಾದರೂ ಎತ್ತಿಡಿ.

ಎದುರಿನವರಿಗೆ ನಿಮ್ಮ ಹೆಸರು ಯಾವಾಗಿನಿಂದ ಗೊತ್ತಿತ್ತು ಅನ್ನುವುದನ್ನೂ ಹುಡುಕಿ. ಬೆಂಗಳೂರಿನ ಖೋಡೇಸ್ 1968ರಿಂದ ‘ಪೀಟರ್ ಸ್ಕಾಟ್’ ವಿಸ್ಕಿ ಮಾರುತ್ತಿತ್ತು. ಸ್ಕಾಟ್ಲೆಂಡಿನ ವಿಸ್ಕಿ ತಯಾರಕರ ಸಂಘವಾದ ಸ್ಕಾಚ್ ವಿಸ್ಕಿ ಅಸೋಸಿಯೇಷನ್‌ಗೆ 1974ರಲ್ಲೇ ಗೊತ್ತಿದ್ದರೂ ಹೆಸರು ತೆಗೆಸಿ ಅಂತ ಅರ್ಜಿ ಹಾಕಿದ್ದು 1986ರಲ್ಲಿ. ಇಷ್ಟು ವರ್ಷ ಸುಮ್ಮನಿದ್ದು ಈಗ ಬಂದರೆ ಹೇಗೆ ಅಂತ 2008ರಲ್ಲಿ ಸುಪ್ರೀಂ ಕೋರ್ಟ್ ಖೋಡೇಸ್ ಪರ ನಿಂತಿತು.

ಕೊನೆಗೆ ವಿಚಾರಣೆ, ಆದೇಶ. ಒಪ್ಪಿಗೆಯಾಗದಿದ್ದರೆ ಮೂರು ತಿಂಗಳಲ್ಲಿ ಹೈಕೋರ್ಟಿಗೆ ಮೇಲ್ಮನವಿ. ಮೊದಲಿದ್ದ ಮೇಲ್ಮನವಿ ಮಂಡಳಿಯನ್ನು 2021ರಲ್ಲಿ ಮುಚ್ಚಿದ್ದಾರೆ.

ನಾವು ಅಲ್ಲಿವರೆಗೆ ಹೋಗಲಿಲ್ಲ. ಬಿಲ್ಲಿನ ಪ್ರತಿ ಕೈಗೆ ಸಿಕ್ಕ ಮೇಲೆ ಆ ಕಂಪನಿಯ ವಕೀಲರೇ ಫೋನ್ ಮಾಡಿದರು. ‘ಸಾಂಬಾರ್ ಪುಡಿ, ರಸಂ ಪುಡಿ, ಗರಂ ಮಸಾಲಾ ಅರ್ಜಿಯಿಂದ ತೆಗೆಯಿರಿ, ಚಟ್ನಿಪುಡಿಗೆ ನಮ್ಮ ತಕರಾರಿಲ್ಲ’ ಅಂದರು. ಅತ್ತಿಗೆ ಕಕ್ಕಾಬಿಕ್ಕಿ. ಕ್ಲಾಸಿನ ಇಡೀ ಪಟ್ಟಿಯನ್ನು ಏಜೆಂಟ್ ಹಾಗೇ ಇಳಿಸಿಬಿಟ್ಟಿದ್ದ. ‘ಅಯ್ಯೋ, ನಾನು ಸಾಂಬಾರ್ ಪುಡಿ ಮಾಡೋದೇ ಇಲ್ವಲ್ಲ. ನಮ್ಮನೆಗೂ ಅವರದ್ದೇ ತರೋದು!’