ಚಳಿಗಾಲದ ಹಳ್ಳಿಮನೆ: ಒಲೆ, ನೀರು, ಬೆಳಕು, ದಿನಕ್ಕೆರಡು ಸಲ ಸುದ್ದಿ

ಊರಾಚೆಯ ಮನೆಯಲ್ಲಿ ಚಳಿಗಾಲ ಕಳೆಯಲು ಹೋದವರು ಸುದ್ದಿಯ ವಿಷಯದಲ್ಲಿ ಸಾಮಾನ್ಯವಾಗಿ ಎರಡರಲ್ಲೊಂದು ತಪ್ಪು ಮಾಡುತ್ತಾರೆ. ಕೆಲವರು ಫೋನನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾರೆ. ಮೂರನೆಯ ದಿನ ತಡೆಯಲಾರದೆ ತೆಗೆದು ನಡುರಾತ್ರಿಯವರೆಗೆ ನೋಡುತ್ತಾರೆ. ಇನ್ನು ಕೆಲವರು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡಿರುತ್ತಾರೆ, ಕಣ್ಣು ಬಿಡುವ ಮೊದಲೇ ಯಾವುದೋ ಖಂಡದ ಯುದ್ಧ ಹಾಸಿಗೆಗೆ ಬಂದಿರುತ್ತದೆ. ಸುತ್ತ ಮೌನ ಹೆಚ್ಚಿದಷ್ಟೂ ಆ ಸದ್ದು ಜೋರಾಗಿ ಕೇಳುತ್ತದೆ. ಎರಡಕ್ಕೂ ಮದ್ದು ಒಂದೇ. ಚಳಿಗಾಲದ ಮನೆಯಲ್ಲಿ ಬೆಳಿಗ್ಗೆ ಬೂದಿ ತೆಗೆಯಬೇಕು, ಹಗಲಲ್ಲಿ ಸೌದೆ ತರಬೇಕು, ಸಂಜೆ ನೀರು ನೋಡಿಕೊಳ್ಳಬೇಕು. ಸುದ್ದಿಯನ್ನೂ ಈ ಕೆಲಸಗಳ ಸಾಲಿನಲ್ಲಿ ಒಂದು ಕೆಲಸವಾಗಿ ಕೂರಿಸಿ. ಅದಕ್ಕೊಂದು ಹೊತ್ತು, ಒಂದು ಜಾಗ, ಒಂದು ಕೊನೆ ಇರಲಿ.

ಸುದ್ದಿಗೆ ಹೊತ್ತು, ಜಾಗ

ದಿನಕ್ಕೆ ಎರಡು ಸಲ, ಸಲಕ್ಕೆ 20 ನಿಮಿಷ ಸಾಕು. ಮೊದಲನೆಯದು ಒಲೆ ಹತ್ತಿಕೊಂಡು, ಹೊರಗೆ ಪೂರ್ತಿ ಬೆಳಕಾದ ಮೇಲೆ. ಎರಡನೆಯದು ಸಂಜೆ, ಮಲಗುವುದಕ್ಕೆ ಕನಿಷ್ಠ 2 ತಾಸು ಮುಂಚೆ. ಮೇಜಿನ ಮುಂದೆ, ಗಟ್ಟಿ ಕುರ್ಚಿಯಲ್ಲಿ ಕೂತು ಓದಿ. ಒಲೆಯ ಪಕ್ಕದ ಮೆತ್ತನೆಯ ಕುರ್ಚಿ ಇದಕ್ಕೆ ಬೇಡ. ಅಲ್ಲಿ ಬೆಚ್ಚಗೆ ಕೂತವರಿಗೆ ಏಳಲು ಮನಸ್ಸಾಗದೆ 20 ನಿಮಿಷ 2 ತಾಸಾಗುತ್ತದೆ. ಸಮಯಕ್ಕೆ ಫೋನಿನ ಟೈಮರ್ ಬದಲು ಅಡುಗೆಮನೆಯ ಟೈಮರ್ ಇಡಿ. ಫೋನಿನದನ್ನು ನಿಲ್ಲಿಸಲು ಮತ್ತೆ ಫೋನೇ ಹಿಡಿಯಬೇಕಾಗುತ್ತದೆ.

ವಿಡಿಯೊ ಬಿಟ್ಟು ಬರಹ ಆರಿಸಿಕೊಳ್ಳಿ. ಬರಹಕ್ಕೆ ಕೊನೆಯ ಸಾಲು ಅಂತ ಒಂದಿರುತ್ತದೆ, ವಿಡಿಯೊ ಮುಗಿಯುವಷ್ಟರಲ್ಲಿ ಇನ್ನೊಂದು ಶುರುವಾಗಿರುತ್ತದೆ. ಅದೇ ದೃಶ್ಯವನ್ನು ಮತ್ತೆ ಮತ್ತೆ ನೋಡುವುದರ ಪೆಟ್ಟು ಸಣ್ಣದಲ್ಲ. 2013ರ ಬಾಸ್ಟನ್ ಮ್ಯಾರಥಾನ್ ಸ್ಫೋಟದ ನಂತರ ಅಮೆರಿಕದಲ್ಲಿ ನಡೆದ, 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೊದಲ ವಾರ ದಿನಕ್ಕೆ 6 ತಾಸು ಅಥವಾ ಅದಕ್ಕೂ ಹೆಚ್ಚು ಹೊತ್ತು ಆ ಸುದ್ದಿಯಲ್ಲಿ ಮುಳುಗಿದವರಲ್ಲಿ, ಸ್ಥಳದಲ್ಲೇ ಇದ್ದವರಿಗಿಂತಲೂ ತೀವ್ರ ಒತ್ತಡದ ಲಕ್ಷಣಗಳು ಹೆಚ್ಚು ಕಂಡವು. ದೂರದಲ್ಲಿದ್ದೇವೆ ಅನ್ನುವುದೊಂದೇ ನಮ್ಮನ್ನು ಕಾಯುವುದಿಲ್ಲ.

ಫೋನಿನಲ್ಲಿ ಎಲ್ಲ ಸುದ್ದಿ ಆ್ಯಪ್‌ಗಳ ನೋಟಿಫಿಕೇಶನ್ ಮುಚ್ಚಿ. ಹವಾಮಾನದ ಎಚ್ಚರಿಕೆ ಮತ್ತು ಮನೆಯವರ ಕರೆ, ಇವೆರಡನ್ನು ಮಾತ್ರ ಬಿಡಿ.

ಮೇಜಿನ ಮೇಲೆ ಒಂದು ನೋಟ್‌ಬುಕ್ ಇರಲಿ. ಪುಟದ ನಡುವೆ ಗೆರೆ ಎಳೆದು ಎಡಕ್ಕೆ ‘ಆಗಿದ್ದು’, ಬಲಕ್ಕೆ ‘ಆಗಬಹುದು ಅಂದಿದ್ದು’ ಎಂದು ಬರೆಯಿರಿ. ಓದಿದ್ದರಲ್ಲಿ ಮುಖ್ಯವಾದ ಮೂರು ನಾಲ್ಕನ್ನು ಒಂದೊಂದು ಸಾಲಲ್ಲಿ ಅದರದರ ಕಡೆಗೆ ಹಾಕಿ. ಹೆದರಿಸಿದ್ದರಲ್ಲಿ ಎಷ್ಟು ಭಾಗ ಬಲಗಡೆಯದು ಎಂದು ವಾರ ಕಳೆಯುವುದರೊಳಗೆ ಕಣ್ಣಿಗೇ ಕಾಣುತ್ತದೆ. ದೊಡ್ಡ ಘಟನೆಯ ಮೊದಲ ದಿನ ಬರುವ ಸಾವುನೋವಿನ ಲೆಕ್ಕ, ಯಾರು ಮಾಡಿದರು ಎಂಬ ಆರೋಪ, ಎಲ್ಲಿಯದೋ ಹಳೆಯ ಚಿತ್ರ, ಇವೆಲ್ಲ ಮರುದಿನಕ್ಕೆ ಬದಲಾಗುವುದು ಸಾಮಾನ್ಯ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ ಬರೆಯುವವರೂ ಇದ್ದಾರೆ, ಹಂಚುವವರಂತೂ ಲೆಕ್ಕವಿಲ್ಲ. ಹಳ್ಳಿಮನೆಯಲ್ಲಿ ಕೂತವರಿಗೆ ಒಂದು ದಿನ ತಡವಾಗಿ ತಿಳಿದರೆ ಏನೂ ಕೆಡುವುದಿಲ್ಲ. ಆ ತಡವನ್ನು ಧಾರಾಳವಾಗಿ ಬಳಸಿಕೊಳ್ಳಿ.

ಸುದ್ದಿ ಮುಗಿದ ಕೂಡಲೇ ಏಳಿ, ಕೈಗೆ ಕೆಲಸ ಕೊಡಿ. ಕೆಟ್ಟ ಸುದ್ದಿಗೆ ಮೈಯೂ ಬಿಗಿಯುತ್ತದೆ, ಎದೆಬಡಿತ ಏರುತ್ತದೆ; ಮಳೆ ನಿಂತರೂ ಮರದ ಹನಿ ನಿಲ್ಲುವುದಿಲ್ಲ. ಕೂತಲ್ಲೇ ಕೂತರೆ ಅದೇ ಯೋಚನೆ ಸುತ್ತುತ್ತದೆ. ಬೆಳಗಿನ ಸುದ್ದಿಯ ನಂತರ ಸೌದೆ ಸೀಳುವುದು, ಸಂಜೆಯದರ ನಂತರ ನೀರು ತುಂಬುವುದು ಎಂದು ಜೋಡಿಸಿಟ್ಟರೆ ಪ್ರತಿದಿನ ಯೋಚಿಸುವ ಕೆಲಸವೂ ತಪ್ಪುತ್ತದೆ.

ಒಲೆ

ಬಾಗಿಲಿರುವ ಕಬ್ಬಿಣದ ಸೌದೆ ಒಲೆಯನ್ನು ಹೊತ್ತಿಸಲು ಹೆಚ್ಚಿನವರು ಕೆಳಗೆ ಕಾಗದ, ಮೇಲೆ ಪುಳ್ಳೆ, ಅದರ ಮೇಲೆ ದಪ್ಪ ಸೌದೆ ಹೇರುತ್ತಾರೆ. ತಿರುಗಿಸಿ ಮಾಡಿ. ಹಿಂದಿನ ದಿನದ ಬೂದಿಯಲ್ಲಿ 2-3 ಸೆಂ.ಮೀ. ಪದರ ಉಳಿಸಿಕೊಳ್ಳಿ, ಅದು ಕಾವು ಹಿಡಿಯುತ್ತದೆ. ಅದರ ಮೇಲೆ ಎರಡು ಮೂರು ದಪ್ಪ ಸೀಳು, ನಡುವೆ ಬೆರಳಗಲ ಸಂದಿ ಬಿಟ್ಟು. ಅದರ ಮೇಲೆ ಅಡ್ಡಡ್ಡ ಸಣ್ಣ ಸೀಳು. ತುದಿಯಲ್ಲಿ ಹೆಬ್ಬೆರಳಿನಷ್ಟು ದಪ್ಪದ ಪುಳ್ಳೆ ಎಂಟು ಹತ್ತು, ಎರಡು ಪದರವಾಗಿ. ಅವುಗಳ ನಡುವೆ ತಿರುಚಿದ ಕಾಗದ ಸಿಕ್ಕಿಸಿ, ಗಾಳಿಕಿಂಡಿ ಪೂರ್ತಿ ತೆರೆದು, ಮೇಲಿನಿಂದ ಬೆಂಕಿ ಇಡಿ. ಉರಿ ಮೇಲಿನಿಂದ ಕೆಳಗೆ ಇಳಿಯುವಾಗ ಕೆಳಗಿನ ಸೌದೆಯಿಂದ ಏಳುವ ಹೊಗೆ ಆ ಉರಿಯ ಮೂಲಕವೇ ಹಾದು ಸುಟ್ಟುಹೋಗುತ್ತದೆ. ಹೊಗೆ ಕಡಿಮೆ, ಗಾಜೂ ಬೇಗ ಕಪ್ಪಾಗದು. ಬಾಗಿಲನ್ನು ಮೊದಲ ಕೆಲವು ನಿಮಿಷ ಕೂದಲೆಳೆಯಷ್ಟು ತೆರೆದಿಟ್ಟು, ಸೆಳೆತ ಹಿಡಿದ ಮೇಲೆ ಮುಚ್ಚಿ. 15-20 ನಿಮಿಷ ಬಿಟ್ಟು ಗಾಳಿಕಿಂಡಿಯನ್ನು ಸ್ವಲ್ಪಸ್ವಲ್ಪವೇ ಇಳಿಸಿ.

ಹೊಗೆ ಕೋಣೆಗೇ ವಾಪಸು ಬಂದರೆ ಕಾರಣ ಬಹುತೇಕ ಇವುಗಳಲ್ಲೊಂದು. ರಾತ್ರಿಯೆಲ್ಲ ತಣ್ಣಗಿದ್ದ ಹೊಗೆಕೊಳವೆಯಲ್ಲಿ ಭಾರವಾದ ತಂಪು ಗಾಳಿ ಕೂತಿರುತ್ತದೆ. ಒಂದೇ ಹಾಳೆ ಕಾಗದವನ್ನು ಸುರುಳಿ ಸುತ್ತಿ ಕೊಳವೆಯ ಬಾಯಿಯ ಹತ್ತಿರ ಉರಿಸಿದರೆ ಅದು ಮೇಲೇಳುತ್ತದೆ. ಇಲ್ಲವೇ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಓಡುತ್ತಿರುತ್ತದೆ. ಅದು ಮನೆಯ ಗಾಳಿಯನ್ನು ಹೊರಗೆ ಎಳೆದಂತೆ ಕೊಳವೆಯ ಹೊಗೆ ಒಳಗೆ ಬರುತ್ತದೆ. ಇವೆರಡೂ ಅಲ್ಲದಿದ್ದರೆ ಕೊಳವೆಯೇ ಮಸಿಯಿಂದ ಕಟ್ಟಿರಬಹುದು. ಆಗ ಬೆಂಕಿ ಹಾಕಬೇಡಿ, ಗುಡಿಸುವವರನ್ನು ಕರೆಸಿ. ವರ್ಷಕ್ಕೊಮ್ಮೆ, ಚಳಿ ಶುರುವಾಗುವ ಮುಂಚೆ, ಅದು ಹೇಗೂ ಆಗಲೇಬೇಕಾದ ಕೆಲಸ.

ಸೌದೆಯ ತೇವ 20 ಪ್ರತಿಶತಕ್ಕಿಂತ ಕಡಿಮೆ ಇರಬೇಕು. ತೇವಮಾಪಕವನ್ನು ತುಂಡಿನ ತುದಿಗೆ ಚುಚ್ಚಿ ನೋಡುವುದು ವ್ಯರ್ಥ, ತುದಿ ಎಲ್ಲಕ್ಕಿಂತ ಮೊದಲು ಒಣಗಿರುತ್ತದೆ. ತುಂಡನ್ನು ಸೀಳಿ, ಒಳಗಿನ ಹೊಸ ಮೈಗೆ ಚುಚ್ಚಿ. ಮಾಪಕ ಇಲ್ಲದಿದ್ದರೆ ಎರಡು ತುಂಡನ್ನು ಒಂದಕ್ಕೊಂದು ಬಡಿಯಿರಿ: ಒಣಗಿದ್ದು ಟಣ್ ಎನ್ನುತ್ತದೆ, ಹಸಿಯದು ಮಂದವಾಗಿ ದಪ್ ಎನ್ನುತ್ತದೆ. ಒಲೆಯಲ್ಲಿ ಸುಯ್ಯೆಂದು ನೊರೆ ಬಿಟ್ಟರೆ ಅದು ಇನ್ನೊಂದು ವರ್ಷ ಹೊರಗಿರಬೇಕಾದ ಸೌದೆ. ಒಣಗಿಸುವುದಕ್ಕೆ 8-12 ಸೆಂ.ಮೀ. ದಪ್ಪಕ್ಕೆ ಸೀಳಿ, ನೆಲದಿಂದ 15 ಸೆಂ.ಮೀ. ಎತ್ತರಿಸಿ ಒಟ್ಟಿ, ತಲೆಗೆ ಮಾತ್ರ ಹೊದಿಸಿ. ಬದಿಗಳನ್ನೂ ಟಾರ್ಪಾಲಿನಿಂದ ಸುತ್ತಿದರೆ ಗಾಳಿಯಾಡದೆ ಬೂಸಲು ಬರುತ್ತದೆ. ಮೆದು ಮರಕ್ಕೆ ಸುಮಾರು ಒಂದು ವರ್ಷ, ಗಟ್ಟಿ ಮರಕ್ಕೆ ಎರಡು. ಎರಡು ದಿನಕ್ಕಾಗುವಷ್ಟು ಒಳಗೆ ತಂದಿಡಿ, ಆದರೆ ಒಲೆಯಿಂದ 1 ಮೀಟರ್ ದೂರದಲ್ಲಿ.

ರಾತ್ರಿಯಿಡೀ ಬರಲಿ ಎಂದು ಒಲೆ ತುಂಬಿ ಗಾಳಿಕಿಂಡಿ ಬಿಗಿಯಾಗಿ ಮುಚ್ಚುವುದು ಬಹಳ ಮನೆಗಳ ಅಭ್ಯಾಸ. ಇದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಸೌದೆ ಉರಿಯದೆ ಹೊಗೆಯಾಡುತ್ತದೆ, ಕೊಳವೆಯೊಳಗೆ ಡಾಂಬರಿನಂಥ ಅಂಟುಮಸಿ ಕೂರುತ್ತದೆ, ಮುಂದೊಂದು ದಿನ ಅದಕ್ಕೇ ಬೆಂಕಿ ಹಿಡಿಯುತ್ತದೆ. ರೈಲು ಹೋದಂಥ ಭೋರ್ಗರೆತ ಕೊಳವೆಯಲ್ಲಿ ಕೇಳಿದರೆ ಗಾಳಿಕಿಂಡಿ ಮುಚ್ಚಿ, ಎಲ್ಲರನ್ನೂ ಹೊರಗೆ ಕಳಿಸಿ, ಅಗ್ನಿಶಾಮಕದವರನ್ನು ಕರೆಯಿರಿ. ನೀರು ಸುರಿಯಬೇಡಿ, ಕಾದ ಕೊಳವೆ ಸೀಳುತ್ತದೆ.

ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಒಲೆಯಿರುವ ಕೋಣೆಗೊಂದು, ಮಲಗುವ ಕೋಣೆಯ ಹತ್ತಿರ ಒಂದು ಅಲಾರಂ ಇರಲೇಬೇಕು. ಮನೆಯಲ್ಲಿರುವವರಿಗೆಲ್ಲ ಒಟ್ಟಿಗೆ ತಲೆನೋವು, ಓಕರಿಕೆ, ತಲೆಸುತ್ತು ಬಂದು, ಹೊರಗೆ ಹೋದರೆ ಕಡಿಮೆಯಾದರೆ ಅದು ನೆಗಡಿಯಲ್ಲ. ಹೊರಗೇ ಉಳಿದು ಸಹಾಯ ಕರೆಯಿರಿ. ಚಳಿ ಬರುತ್ತದೆಂದು ಕೋಣೆಯ ಗೋಡೆಯಲ್ಲಿರುವ ಗಾಳಿಯ ಕಿಂಡಿಗೆ ಬಟ್ಟೆ ತುರುಕುವುದು, ಬಾಣಲೆಯಲ್ಲಿ ಇದ್ದಿಲ ಕೆಂಡ ಹಾಕಿ ಮಲಗುವ ಕೋಣೆಗೆ ಒಯ್ಯುವುದು, ಎರಡೂ ಜೀವ ತೆಗೆಯುತ್ತವೆ.

ಬೂದಿ ಮುಚ್ಚಿದ ಕೆಂಡ ಅನ್ನುವುದನ್ನು ಇಲ್ಲಿ ಅಕ್ಷರಶಃ ನಂಬಿ. ಆರಿದಂತೆ ಕಾಣುವ ಬೂದಿಯೊಳಗೆ ಎರಡು ಮೂರು ದಿನವಾದರೂ ಕೆಂಡ ಬದುಕಿರಬಹುದು. ಪ್ಲಾಸ್ಟಿಕ್ ಬಕೆಟ್, ರಟ್ಟಿನ ಡಬ್ಬ, ಮರದ ಜಗಲಿ ಯಾವುದೂ ಬೇಡ. ಮುಚ್ಚಳವಿರುವ ತಗಡಿನ ಬಕೆಟ್‌ನಲ್ಲಿ ಹಾಕಿ ಹೊರಗೆ ಕಲ್ಲು ಅಥವಾ ಮಣ್ಣಿನ ಮೇಲಿಡಿ. ಒಲೆಯ ಗಾಜು ಒರೆಸಲು ಬೇರೆ ದ್ರವ ಕೊಳ್ಳಬೇಕಿಲ್ಲ: ಒದ್ದೆ ಮಾಡಿದ ಹಳೆಯ ಪತ್ರಿಕೆಯ ತುಂಡನ್ನು ನಯವಾದ ಬೂದಿಗೆ ಅದ್ದಿ, ಒಲೆ ಪೂರ್ತಿ ತಣ್ಣಗಿರುವಾಗ ಉಜ್ಜಿ.

ಕೋಣೆ ಎಷ್ಟು ಬೆಚ್ಚಗಿರಬೇಕು? ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಚಳಿ ಋತುವಿಗೆ ಹೇಳಿದ್ದು 18 ಡಿಗ್ರಿ ಸೆಲ್ಸಿಯಸ್. ವಯಸ್ಸಾದವರು, ಎಳೆಮಕ್ಕಳು, ಕಾಯಿಲೆಯವರು ಇದ್ದರೆ ಇನ್ನೂ ಸ್ವಲ್ಪ ಹೆಚ್ಚು ಬೇಕು. ಇಡೀ ಮನೆ ಕಾಯಿಸುವುದಕ್ಕಿಂತ ಒಂದೇ ಕೋಣೆಯ ಬಾಗಿಲು ಹಾಕಿ ಅಲ್ಲೇ ದಿನ ಕಳೆಯುವುದು ಸುಲಭ.

ನೀರು

ಹೊರಗೆ −6, −7 ಡಿಗ್ರಿಗೆ ಇಳಿಯುವ ರಾತ್ರಿ ಹೊದಿಕೆಯಿಲ್ಲದ ಪೈಪಿನಲ್ಲಿ ನೀರು ಹೆಪ್ಪುಗಟ್ಟುವ ಸಂಭವ ಹೆಚ್ಚು. ಮಂಜುಗಡ್ಡೆಯಾದಾಗ ನೀರು ಸುಮಾರು 9 ಪ್ರತಿಶತ ಹಿಗ್ಗುತ್ತದೆ. ಪೈಪ್ ಒಡೆಯುವುದು ಹೆಚ್ಚಾಗಿ ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರಿನ ಒತ್ತಡಕ್ಕೆ. ಆದ್ದರಿಂದಲೇ ನೀರು ಒಳಬರುವ ಜಾಗದಿಂದ ಅತಿ ದೂರದ ನಲ್ಲಿಯನ್ನು ದಾರದಷ್ಟು ತೆಳ್ಳಗೆ ಬಿಟ್ಟಿರಬೇಕು. ಹೊರಗೋಡೆಗೆ ತಾಗಿದ ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ. ಕಟ್ಟಿಕೊಂಡಿದ್ದರೆ ನಲ್ಲಿ ತೆರೆದಿಟ್ಟು, ನಲ್ಲಿಯ ಕಡೆಯಿಂದ ಶುರುಮಾಡಿ ಬಿಸಿನೀರಿನ ಬಟ್ಟೆ ಸುತ್ತುತ್ತಾ ಹಿಂದಕ್ಕೆ ಹೋಗಿ. ಪೈಪಿಗೆ ಬೆಂಕಿಯ ಉರಿ ಹಿಡಿಯಬೇಡಿ. ಮುಖ್ಯ ವಾಲ್ವ್ ಎಲ್ಲಿದೆ, ಕೈಗೆ ತಿರುಗುತ್ತದೆಯೇ ಎಂದು ಮೊದಲ ದಿನವೇ ನೋಡಿಡಿ. ಕುಡಿಯಲು, ತೊಳೆಯಲು ತಲೆಗೆ ದಿನಕ್ಕೆ 4 ಲೀಟರಿನಂತೆ ಕನಿಷ್ಠ 3 ದಿನದ ನೀರು ತುಂಬಿಟ್ಟಿರಬೇಕು. ಕರೆಂಟ್ ಹೋದರೆ ಪಂಪೂ ಹೋಗುತ್ತದೆ.

ಬೆಳಕು

ಮನಸ್ಸು ಕುಗ್ಗುವುದಕ್ಕೆ ಎಲ್ಲವೂ ಸುದ್ದಿಯೇ ಕಾರಣವಲ್ಲ, ಬೆಳಕಿನ ಕೊರತೆಯೂ ಇದೆ. ಮೋಡ ಕವಿದ ಹಗಲಿನಲ್ಲೂ ಹೊರಗಿನ ಬೆಳಕು ಸಾವಿರಾರು ಲಕ್ಸ್ (ಬೆಳಕಿನ ಅಳತೆ) ಇರುತ್ತದೆ. ದೀಪ ಹಾಕಿದ ಕೋಣೆಯಲ್ಲಿ ನೂರು, ಇನ್ನೂರು. ಹೊತ್ತು ಹುಟ್ಟಿ ಎರಡು ತಾಸಿನೊಳಗೆ ಅರ್ಧ ತಾಸು ಹೊರಗೆ ನಡೆಯಿರಿ, ಬಿಸಿಲಿಗಾಗಿ ಕಾಯಬೇಡಿ. ಫೋನ್ ಒಯ್ಯುವುದಾದರೆ ಒಳಜೇಬಿನಲ್ಲಿಡಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಕೈಯಲ್ಲಿದ್ದರೆ ಕಣ್ಣೂ ಅದರಲ್ಲೇ ಇರುತ್ತದೆ.

ರೇಡಿಯೊ

ಸಂಜೆಯ ಸುದ್ದಿಗೆ ಬ್ಯಾಟರಿಯ ರೇಡಿಯೊಕ್ಕಿಂತ ಒಳ್ಳೆಯ ಸಾಧನ ಕಾಣೆವು. ವಾರ್ತೆ ಐದೋ ಹತ್ತೋ ನಿಮಿಷಕ್ಕೆ ಮುಗಿಯುತ್ತದೆ, ಕೆಳಗೆ ಜಾರಿಸಲು ಏನೂ ಇರುವುದಿಲ್ಲ. ಕರೆಂಟು, ನೆಟ್‌ವರ್ಕ್ ಎರಡೂ ಸತ್ತಾಗಲೂ ಅದು ಬದುಕಿರುತ್ತದೆ. ಚಳಿಗಾಲ ದೂರದ ನಿಲಯ ಹಿಡಿಯಲು ಹೇಳಿಮಾಡಿಸಿದ ಕಾಲ. ಹಗಲಲ್ಲಿ ಸುಮಾರು 60-90 ಕಿ.ಮೀ. ಎತ್ತರದಲ್ಲಿ ವಾತಾವರಣದಲ್ಲಿರುವ ‘ಡಿ’ ಎಂಬ ಪದರ ಮೀಡಿಯಂ ವೇವ್ ಅಲೆಗಳನ್ನು ಹೀರಿಕೊಳ್ಳುತ್ತದೆ. ಕತ್ತಲಾದಂತೆ ಆ ಪದರ ಕರಗಿ, ಅಲೆಗಳು ಅದಕ್ಕೂ ಮೇಲಿನ ಪದರದಿಂದ ತಿರುಗಿ ನೂರಾರು ಕಿ.ಮೀ. ದೂರಕ್ಕೆ ಬೀಳುತ್ತವೆ. ರಾತ್ರಿ ಉದ್ದ, ಗುಡುಗಿನ ಕರಕರವೂ ಕಡಿಮೆ.

ಶಾರ್ಟ್‌ವೇವ್‌ನಲ್ಲಿ ಕತ್ತಲಾದ ಮೇಲೆ 49 ಮೀಟರ್ (ಸುಮಾರು 5.9-6.2 ಮೆಗಾಹರ್ಟ್ಸ್) ಮತ್ತು 41 ಮೀಟರ್ (7.2-7.45) ಪಟ್ಟಿಗಳಲ್ಲಿ ಹುಡುಕಿ, ಹಗಲಲ್ಲಿ 19 ಮೀಟರ್ (15.1-15.8). ನಿಲಯಗಳ ವೇಳಾಪಟ್ಟಿಗಳು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯದಲ್ಲಿರುತ್ತವೆ, ಅಕ್ಟೋಬರಿನ ಕೊನೆಯ ಭಾನುವಾರ ಮತ್ತು ಮಾರ್ಚಿನ ಕೊನೆಯ ಭಾನುವಾರ ಬದಲಾಗುತ್ತವೆ. ನಿಮ್ಮ ಸಮಯಕ್ಕೆ ಲೆಕ್ಕ ಹಾಕಿ ಒಂದು ಚೀಟಿಯಲ್ಲಿ ಬರೆದು ರೇಡಿಯೊದ ಬೆನ್ನಿಗೆ ಅಂಟಿಸಿ. ಆಂಟೆನಾಗೆ 6-10 ಮೀಟರ್ ತಂತಿಯನ್ನು ಕಿಟಕಿಯಿಂದ ಹೊರಗೆ ಮರಕ್ಕೆ ಎಳೆದು ಕಟ್ಟಿ, ಇನ್ನೊಂದು ತುದಿಯನ್ನು ರೇಡಿಯೊದ ಕಡ್ಡಿಗೆ ಕ್ಲಿಪ್ ಮಾಡಿ. ಗುಡುಗು ಕಂಡರೆ ಕಳಚಿ ಹೊರಗೆ ಹಾಕಿ. ಗೊರಗೊರ ನಿಲ್ಲದಿದ್ದರೆ ಫೋನ್ ಚಾರ್ಜರ್, ಎಲ್‌ಇಡಿ ದೀಪಗಳನ್ನು ಒಂದೊಂದಾಗಿ ಆರಿಸಿ ನೋಡಿ, ಕಳ್ಳ ಸಾಮಾನ್ಯವಾಗಿ ಅವುಗಳಲ್ಲೇ ಇರುತ್ತಾನೆ.

ನಮ್ಮವರು ಅಲ್ಲಿದ್ದರೆ

ಸುದ್ದಿಯಲ್ಲಿರುವ ಜಾಗದಲ್ಲಿ ನಿಮ್ಮವರೇ ಯಾರಾದರೂ ಇದ್ದರೆ ಮೇಲಿನ ವೇಳೆ ನಡೆಯುವುದಿಲ್ಲ, ನಡೆಸಲು ಒದ್ದಾಡಲೂ ಬೇಡಿ. ಆದರೆ ಆಗಲೂ ಬೇಕಾಗಿರುವುದು ಅವರ ದನಿ, ಸುದ್ದಿವಾಚಕರದಲ್ಲ. ದಿನಕ್ಕೊಂದು ಹೊತ್ತು ಗೊತ್ತುಮಾಡಿ, ‘ಕ್ಷೇಮ’ ಎಂಬ ಒಂದೇ ಪದದ ಸಂದೇಶ ಬಂದರೂ ಸಾಕೆಂದು ಮೊದಲೇ ಮಾತಾಡಿಕೊಳ್ಳಿ. ಬಂಧುಗಳಲ್ಲಿ ಒಬ್ಬರು ಮಾತ್ರ ಅವರಿಗೆ ಕರೆ ಮಾಡಿ ಉಳಿದವರಿಗೆ ತಿಳಿಸಲಿ, ಅವರ ಬ್ಯಾಟರಿಯೂ ಉಳಿಯುತ್ತದೆ. ಹಣ ಕಳಿಸಿ ನೆರವಾಗುವ ಮನಸ್ಸಿದ್ದರೆ ಬೆಳಗಿನ ಹೊತ್ತಿನಲ್ಲಿ, ಸಂಸ್ಥೆಯ ಬಗ್ಗೆ ವಿಚಾರಿಸಿ ಕಳಿಸಿ. ರಾತ್ರಿ ಕಣ್ಣೀರಿನಲ್ಲಿ ಒತ್ತಿದ ಲಿಂಕ್ ಎಲ್ಲಿಗೆ ಹೋಗುತ್ತದೆಂದು ಹೇಳಲಾಗದು.

ನಿದ್ದೆ, ಹಸಿವು, ಯಾವುದರಲ್ಲೂ ಆಸಕ್ತಿ ಎರಡು ವಾರಕ್ಕೂ ಹೆಚ್ಚು ಕಾಲ ಮರಳದಿದ್ದರೆ ವೈದ್ಯರ ಹತ್ತಿರ ಹೋಗಿ.

ನಡುರಾತ್ರಿ ಎಚ್ಚರವಾದರೆ

ಹೊತ್ತು ನೋಡಲು ಮಂಚದ ಪಕ್ಕ ಮಾಮೂಲಿ ಗಡಿಯಾರವಿರಲಿ. ಫೋನ್ ರಾತ್ರಿ ಬೇರೆ ಕೋಣೆಯಲ್ಲಿ, ಕರೆಯ ಗಂಟೆ ಮಾತ್ರ ಕೇಳುವಂತೆ. ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಹೊರಳಾಡಬೇಡಿ, ಏಳಿ. ನಲ್ಲಿ ಸಣ್ಣಗೆ ಹರಿಯುತ್ತಿದೆಯೇ ನೋಡಿ. ಒಲೆಯ ಗಾಳಿಕಿಂಡಿ ಮೊದಲು ತೆರೆದು, ಅರ್ಧ ನಿಮಿಷ ಬಿಟ್ಟು ಬಾಗಿಲನ್ನು ಮೆಲ್ಲಗೆ ತೆಗೆಯಿರಿ. ಒಮ್ಮೆಲೇ ಎಳೆದರೆ ಹೊಗೆ ಮುಖಕ್ಕೆ ನುಗ್ಗುತ್ತದೆ. ಕೆಂಡವನ್ನು ಮುಂದಕ್ಕೆ ಎಳೆದು ಒಂದೆರಡು ಒಣ ಸೀಳು ಇಟ್ಟು ಬಾಗಿಲು ಹಾಕಿ. ಉರಿ ಹಿಡಿಯಲು ಹತ್ತು ನಿಮಿಷ ಬೇಕು, ಅಷ್ಟು ಹೊತ್ತು ಅಲ್ಲೇ ಕೂತಿರಿ. ಉರಿ ಎದ್ದ ಮೇಲೆ ಗಾಳಿಕಿಂಡಿಯನ್ನು ಅರ್ಧಕ್ಕಿಳಿಸಿ ಮಲಗಿ.