ಎಂಜಿನ್ ಬಿಸಿ, ಹೀಟರ್ ತಣ್ಣಗೆ: ಹಳೆಯ ಎಸ್‌ಯುವಿಯಲ್ಲಿ ನಾನು ದೋಷ ಹುಡುಕುವ ಕ್ರಮ

ಎಂಜಿನ್ ವಿಪರೀತ ಕಾಯುವುದು, ಹೀಟರ್‌ನಿಂದ ಬಿಸಿಗಾಳಿ ಬಾರದಿರುವುದು: ಇವೆರಡು ಬೇರೆ ಬೇರೆ ದೂರುಗಳಂತೆ ಕಂಡರೂ ಎರಡರಲ್ಲೂ ಓಡಾಡುವ ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ) ಒಂದೇ. ವಾಟರ್ ಪಂಪ್ ದೂಡಿದ ಕೂಲಂಟ್‌ನ ಒಂದು ಪಾಲು ಥರ್ಮೋಸ್ಟಾಟ್ (ತಾಪ ಏರಿದಾಗ ತೆರೆಯುವ ವಾಲ್ವ್) ತೆರೆದಾಗ ರೇಡಿಯೇಟರ್‌ಗೆ ಹೋಗುತ್ತದೆ, ಇನ್ನೊಂದು ಪಾಲು ಡ್ಯಾಶ್‌ಬೋರ್ಡ್ ಹಿಂದಿರುವ ಹೀಟರ್ ಕೋರ್‌ಗೆ, ಅಂದರೆ ಒಳಗಿನ ಗಾಳಿಯನ್ನು ಬಿಸಿ ಮಾಡುವ ಪುಟ್ಟ ರೇಡಿಯೇಟರ್‌ಗೆ. ಬಹಳಷ್ಟು ಗಾಡಿಗಳಲ್ಲಿ ಹೀಟರ್ ಕೋರ್ ಎತ್ತರದಲ್ಲಿರುವುದರಿಂದ, ಕೂಲಂಟ್ ಕಮ್ಮಿಯಾದಾಗ ಗಾಳಿ ಮೊದಲು ಸೇರಿಕೊಳ್ಳುವುದೂ ಅಲ್ಲೇ. ಹೀಗಾಗಿ ತಾಪದ ಮೀಟರ್ ಮುಳ್ಳು ಏರುವ ಮೊದಲೇ ಹೀಟರ್ ಸುಳಿವು ಕೊಟ್ಟಿರುತ್ತದೆ. ನನ್ನ ತಪಾಸಣೆ ಶುರುವಾಗುವುದು ಹೀಟರ್‌ನಿಂದಲೇ.

ಮುಳ್ಳನ್ನು ಪೂರ್ತಿ ನಂಬಬಾರದು. ಎಷ್ಟೋ ಗಾಡಿಗಳಲ್ಲಿ ಕೂಲಂಟ್ ಸುಮಾರು 80ರಿಂದ 105 ಡಿಗ್ರಿಯ ನಡುವೆ ಎಲ್ಲಿದ್ದರೂ ಮುಳ್ಳು ಮಧ್ಯದಲ್ಲೇ ನಿಲ್ಲುವಂತೆ ಮಾಡಿರುತ್ತಾರೆ. ಓಬಿಡಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರ್ ಓದುವ ಉಪಕರಣ) ಸಿಕ್ಕಿಸಿ ನಿಜವಾದ ಅಂಕಿಯನ್ನೇ ನೋಡಬೇಕು. ಇನ್ನೊಂದು ಅಪಾಯವಿದೆ: ಕೂಲಂಟ್ ಪೂರ್ತಿ ಸೋರಿಹೋಗಿದ್ದರೆ ಸೆನ್ಸರ್ ಗಾಳಿಯಲ್ಲಿ ತೂಗಾಡುತ್ತಿರುತ್ತದೆ, ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗಿಳಿಯಬಹುದು. ಓಡಿಸುವಾಗ ಮುಳ್ಳು ಏರಿ, ಅದೇ ಹೊತ್ತಿಗೆ ಹೀಟರ್‌ನಿಂದ ತಣ್ಣನೆ ಗಾಳಿ ಬಂದರೆ ಕೂಲಂಟ್ ಹೀಟರ್‌ವರೆಗೆ ತಲುಪುತ್ತಿಲ್ಲ ಎಂದರ್ಥ. ಆಗ ಮುಂದಿನ ತಿರುವಿನವರೆಗೂ ಓಡಿಸಬಾರದು, ನಿಲ್ಲಿಸಿ ಎಂಜಿನ್ ಆಫ್ ಮಾಡಬೇಕು. ಹೀಟರ್ ಚೆನ್ನಾಗಿ ಬಿಸಿಯಿದ್ದರೆ ಮಾತ್ರ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ತಿರುಗಿಸಿ, ಸುರಕ್ಷಿತ ಜಾಗದವರೆಗೆ ನಿಧಾನವಾಗಿ ಹೋಗಬಹುದು.

ಹೀಟರ್ ಪರೀಕ್ಷೆಗೆ ಎಂಜಿನ್ ಪೂರ್ತಿ ಕಾಯಲಿ. ತಾಪದ ಗುಂಡಿ ಗರಿಷ್ಠಕ್ಕೆ, ಬ್ಲೋವರ್ ನಡುವೇಗಕ್ಕೆ ಇಟ್ಟು, ಫೈರ್‌ವಾಲ್ (ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆ) ಒಳಗೆ ಹೋಗುವ ಎರಡು ರಬ್ಬರ್ ಪೈಪ್‌ಗಳನ್ನು ಮುಟ್ಟಿ ನೋಡುತ್ತೇನೆ. ಫ್ಯಾನ್, ಬೆಲ್ಟ್‌ಗಳಿಂದ ಕೈ ದೂರವಿರಲಿ. ಎರಡೂ ಪೈಪ್‌ಗಳು ಕೈ ಇಡಲಾಗದಷ್ಟು ಬಿಸಿಯಿದ್ದು ಒಳಗೆ ತಣ್ಣನೆ ಗಾಳಿ ಬಂದರೆ ಕೂಲಂಟ್‌ನಲ್ಲಿ ತಪ್ಪಿಲ್ಲ. ಬ್ಲೆಂಡ್ ಡೋರ್ (ಬಿಸಿ, ತಣ್ಣನೆ ಗಾಳಿ ಬೆರೆಸುವ ಬಾಗಿಲು) ತಿರುಗುತ್ತಿಲ್ಲ. ಅದರ ಮೋಟರ್‌ನ ಪ್ಲಾಸ್ಟಿಕ್ ಹಲ್ಲು ಮುರಿದಿದ್ದರೆ ಡ್ಯಾಶ್‌ಬೋರ್ಡ್ ಒಳಗಿಂದ ಟಕ್ ಟಕ್ ಸದ್ದು ಕೇಳಿಸುತ್ತದೆ. ಒಂದು ಪೈಪ್ ಸುಡುತ್ತಿದ್ದು ಇನ್ನೊಂದು ಉಗುರುಬೆಚ್ಚಗಿದ್ದರೆ ಕೋರ್ ಕಟ್ಟಿದೆ ಅಥವಾ ಗಾಳಿ ಸೇರಿದೆ. ಎರಡೂ ತಣ್ಣಗಿದ್ದರೆ ಹೀಟರ್ ವಾಲ್ವ್ ತೆರೆಯುತ್ತಿಲ್ಲ ಅಥವಾ ಕೂಲಂಟ್ ಕಮ್ಮಿಯಿದೆ. ಐಡಲ್‌ನಲ್ಲಿ ತಣ್ಣಗೆ, ಆಕ್ಸಿಲರೇಟರ್ ಒತ್ತಿದರೆ ಬಿಸಿ ಎನ್ನುವ ಲಕ್ಷಣ ತುಂಬ ಮುಖ್ಯ. ಅಲ್ಲಿ ಮೊದಲು ಕೂಲಂಟ್ ಮಟ್ಟ, ಆಮೇಲೆ ಏರ್ ಲಾಕ್ (ಒಳಗೆ ಸಿಕ್ಕಿಕೊಂಡ ಗಾಳಿ), ಕೊನೆಗೆ ಸವೆದ ವಾಟರ್ ಪಂಪ್ ಇಂಪೆಲರ್ (ಕೂಲಂಟ್ ದೂಡುವ ಚಕ್ರ). ಗಾಜಿನ ಮೇಲೆ ಜಿಡ್ಡು ಮಂಜು, ಸಿಹಿ ವಾಸನೆ, ಮುಂದಿನ ಸೀಟಿನ ಕಾರ್ಪೆಟ್ ಒದ್ದೆ: ಇವು ಕೋರ್ ಸೋರುವ ಗುರುತು. ಸೋರುವ ಕೋರ್ ಬದಲಿಸುವುದೇ ಸರಿ. ಸೋರಿಕೆ ಮುಚ್ಚುವ ಪುಡಿ, ದ್ರವಗಳನ್ನು ನಾನು ಹಾಕುವುದಿಲ್ಲ. ಅವು ಕಿರಿದಾದ ಹೀಟರ್ ನಾಳಗಳನ್ನೂ ಮುಚ್ಚಿಬಿಡುತ್ತವೆ.

ಎಂಜಿನ್ ಕಾಯುವ ದೂರಿಗೆ ನನ್ನ ಮೊದಲ ಪ್ರಶ್ನೆ: ಯಾವಾಗ ಕಾಯುತ್ತದೆ? ನಿಂತಾಗ, ನಿಧಾನ ಸಂಚಾರದಲ್ಲಿ ಕಾದು, ವೇಗ ಹಿಡಿದಾಗ ಇಳಿದರೆ ಫ್ಯಾನ್ ಕಡೆ ನೋಡಿ. ವೇಗದಲ್ಲಿ ಅಥವಾ ಏರಿನಲ್ಲಿ ಕಾದರೆ ರೇಡಿಯೇಟರ್, ಪಂಪ್, ಥರ್ಮೋಸ್ಟಾಟ್. ಬೆಲ್ಟಿನಿಂದ ಓಡುವ ಫ್ಯಾನ್‌ಗೆ ಸಿಲಿಕೋನ್ ಎಣ್ಣೆ ತುಂಬಿದ ವಿಸ್ಕಸ್ ಕ್ಲಚ್ (ಕಾದಾಗ ಫ್ಯಾನನ್ನು ಬಿಗಿಯಾಗಿ ಹಿಡಿಯುವ ಜೋಡಣೆ) ಇರುತ್ತದೆ. ಚೆನ್ನಾಗಿ ಕಾದ ಎಂಜಿನ್ ಆಫ್ ಮಾಡಿ, ಕೀ ತೆಗೆದು, ಬಟ್ಟೆ ಹಿಡಿದು ಫ್ಯಾನ್ ತಿರುಗಿಸಿದರೆ ಅದು ಬಿಗಿಯಾಗಿ ತಡೆಯಬೇಕು. ತಳ್ಳಿದಾಗ ಸರಾಗವಾಗಿ ಸುತ್ತುತ್ತಲೇ ಹೋದರೆ, ಅಥವಾ ಕ್ಲಚ್ ಮುಖದ ಮೇಲೆ ನಡುವಿನಿಂದ ಹೊರಕ್ಕೆ ಚಿಮ್ಮಿದ ಎಣ್ಣೆ ಗೆರೆಗಳಿದ್ದರೆ ಕ್ಲಚ್ ಮುಗಿದಿದೆ. ರಾತ್ರಿಯಿಡೀ ನಿಂತ ಗಾಡಿ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು ಫ್ಯಾನ್ ಜೋರಾಗಿ ಸದ್ದು ಮಾಡುವುದು ದೋಷವಲ್ಲ. ಫ್ಯಾನ್ ಸುತ್ತಲಿನ ಪ್ಲಾಸ್ಟಿಕ್ ಶ್ರೌಡ್ ಮುರಿದಿದ್ದರೂ ಹೊಸ ಕ್ಲಚ್ ಪ್ರಯೋಜನಕ್ಕೆ ಬರುವುದಿಲ್ಲ. ಎಲೆಕ್ಟ್ರಿಕ್ ಫ್ಯಾನ್ ಆದರೆ ಫ್ಯೂಸ್, ರಿಲೇ ನೋಡಿ. ಎಸಿ ಹಾಕಿದಾಗ ಫ್ಯಾನ್ ತಿರುಗಿದರೆ ಆ ವೇಗದ ಮಟ್ಟಿಗೆ ಮೋಟರ್ ಜೀವಂತವಾಗಿದೆ.

ರೇಡಿಯೇಟರ್ ಮುಂದಿನಿಂದ ಸ್ವಚ್ಛವಾಗಿ ಕಂಡರೆ ಸಾಲದು. ಮುಂದೆ ಕಾಣುವುದು ಎಸಿ ಕಂಡೆನ್ಸರ್. ಅದಕ್ಕೂ ರೇಡಿಯೇಟರ್‌ಗೂ ನಡುವಿನ ಸಂದಿಯಲ್ಲಿ ಟಾರ್ಚ್ ಬಿಟ್ಟು ಮೇಲಿನಿಂದ ಇಣುಕಿ. ಕೆಸರು ಹಾದಿಯಲ್ಲಿ ಓಡಿದ ಹಳೆಯ ಗಾಡಿಯಲ್ಲಿ ಹುಲ್ಲಿನ ಬೀಜ, ಕೀಟ, ಒಣಮಣ್ಣು, ಎಣ್ಣೆ ಜಿಡ್ಡು ಸೇರಿ ಕಂಬಳಿಯ ಹಾಗೆ ಹೊದ್ದುಕೊಂಡಿರುತ್ತದೆ. ಫ್ಯಾನ್ ಶ್ರೌಡ್ ಬಿಚ್ಚಿ, ಎಂಜಿನ್ ಕಡೆಯಿಂದ ಮುಂದಕ್ಕೆ, ಕಡಿಮೆ ಒತ್ತಡದ ನೀರಿನಲ್ಲಿ ತೊಳೆಯಬೇಕು. ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ರೇಡಿಯೇಟರ್‌ನ ತೆಳು ಲೋಹದ ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚುತ್ತದೆ. ಒಳಗಿನ ಕಟ್ಟುವಿಕೆಗೆ ಇನ್ಫ್ರಾರೆಡ್ ಥರ್ಮಾಮೀಟರ್ ಬೇಕು. ಕೂಲಂಟ್ ಒಳಬರುವ ಬದಿಯಿಂದ ಹೊರಹೋಗುವ ಬದಿಗೆ ತಾಪ ಹಂತಹಂತವಾಗಿ ಇಳಿಯಬೇಕು. ನಡುವೆ ಒಂದು ಪಟ್ಟಿ ಥಟ್ಟನೆ ತಣ್ಣಗಿದ್ದರೆ ಅಲ್ಲಿನ ನಾಳಗಳು ಮುಚ್ಚಿವೆ. ಹೊಳೆಯುವ ಲೋಹದ ಮೇಲೆ ಈ ಉಪಕರಣ ತಪ್ಪು ಅಂಕಿ ತೋರಿಸುತ್ತದೆ, ಕಪ್ಪು ಮೇಲ್ಮೈಗೆ ಗುರಿಯಿಡಿ.

ಥರ್ಮೋಸ್ಟಾಟ್ ಎರಡು ಬಗೆಯಲ್ಲಿ ಕೆಡುತ್ತದೆ. ಮುಚ್ಚಿಕೊಂಡೇ ಇದ್ದರೆ ಎಂಜಿನ್ ಕಾಯುತ್ತದೆ. ತೆರೆದೇ ಇದ್ದರೆ ಎಂಜಿನ್ ಕಾಯುವುದೇ ಇಲ್ಲ, ಹೀಟರ್ ಬೆಚ್ಚಗಷ್ಟೇ ಆಗುತ್ತದೆ, ಇಂಧನ ಹೆಚ್ಚು ಕುಡಿಯುತ್ತದೆ, ಸ್ಕ್ಯಾನರ್‌ನಲ್ಲಿ ಪಿ0128 ಎಂಬ ದೋಷದ ಕೋಡ್ ಬರಬಹುದು. ಹೊರತೆಗೆದು ಪರೀಕ್ಷಿಸುವಾಗ ವಾಲ್ವ್ ಸಂದಿಗೆ ದಾರ ಸಿಕ್ಕಿಸಿ, ಪಾತ್ರೆಯ ತಳ ಮುಟ್ಟದಂತೆ ನೀರಿನಲ್ಲಿ ತೂಗುಬಿಟ್ಟು ಕಾಯಿಸಿ. ವಾಲ್ವ್ ತೆರೆದ ಕ್ಷಣ ಅದು ದಾರದಿಂದ ಕಳಚಿ ಬೀಳುತ್ತದೆ. ಆಗಿನ ತಾಪ ಅದರ ಮೇಲೆ ಒತ್ತಿರುವ 82 ಅಥವಾ 88ರಂಥ ಅಂಕಿಗೆ ಹತ್ತಿರವಿರಬೇಕು. ಜೋಡಿಸುವಾಗ ಪುಟ್ಟ ಗಾಳಿರಂಧ್ರ ಮೇಲ್ಭಾಗಕ್ಕೆ ಬರಲಿ. ಥರ್ಮೋಸ್ಟಾಟ್ ತೆಗೆದುಹಾಕಿ ಓಡಿಸುವುದು ಪರಿಹಾರವಲ್ಲ.

ರೇಡಿಯೇಟರ್ ಕ್ಯಾಪ್ ಸಣ್ಣದು, ಕೆಲಸ ದೊಡ್ಡದು. ಅರ್ಧ ಎಥಿಲೀನ್ ಗ್ಲೈಕಾಲ್ ಅರ್ಧ ನೀರಿನ ಮಿಶ್ರಣ ಬಯಲಲ್ಲಿ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ಸುಮಾರು 1 ಬಾರ್ ಕ್ಯಾಪ್ ಸರಿಯಾಗಿ ಹಿಡಿದರೆ ಅದು 128 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಸೀಲ್ ಬಿರಿದ ಕ್ಯಾಪ್ ಈ ಇಪ್ಪತ್ತು ಡಿಗ್ರಿಯನ್ನು ಕಳೆದುಬಿಡುತ್ತದೆ. ಎಂಜಿನ್ ಆರಿದ ಮೇಲೆ ರೇಡಿಯೇಟರ್‌ನ ಮೇಲಿನ ಹೋಸ್ ಚಪ್ಪಟೆಯಾಗಿದ್ದರೆ ಕ್ಯಾಪ್‌ನ ನಿರ್ವಾತ ವಾಲ್ವ್ ತೆರೆಯುತ್ತಿಲ್ಲ. ಬಿಸಿಯಿರುವಾಗ ಕ್ಯಾಪ್ ತೆರೆಯಲೇಬಾರದು. ಸೋರಿಕೆ ಹುಡುಕಲು ತಣ್ಣನೆ ಎಂಜಿನ್‌ಗೆ ಪ್ರೆಷರ್ ಟೆಸ್ಟರ್ ಹಾಕಿ, ಕ್ಯಾಪ್ ಮೇಲೆ ಬರೆದಿರುವಷ್ಟೇ ಒತ್ತಡ ಕೊಟ್ಟು 15 ನಿಮಿಷ ಬಿಡುತ್ತೇನೆ. ಪಂಪ್‌ನ ವೀಪ್ ಹೋಲ್ (ಸೀಲ್ ಸೋರಿದರೆ ಹನಿ ಹೊರಬೀಳುವ ರಂಧ್ರ), ಪ್ಲಾಸ್ಟಿಕ್ ಟ್ಯಾಂಕ್ ಅಲ್ಯುಮಿನಿಯಂಗೆ ಸೇರುವ ಅಂಚು, ಕ್ಲಾಂಪ್‌ಗಳ ಅಡಿ, ಹಿಂದಿನ ಸಾಲಿಗೂ ಹೀಟರ್ ಇದ್ದರೆ ಗಾಡಿಯ ಹೊಟ್ಟೆಯಡಿ ಹಾಯುವ ತುಕ್ಕು ಹಿಡಿದ ಪೈಪ್‌ಗಳು: ಹಳೆಯ ಗಾಡಿ ಸೋರುವುದು ಹೆಚ್ಚಾಗಿ ಇಲ್ಲೇ.

ಹೊರಗೆಲ್ಲೂ ಹನಿಯಿಲ್ಲದೆ ಕೂಲಂಟ್ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಹೆಡ್ ಮತ್ತು ಎಂಜಿನ್ ಬ್ಲಾಕ್ ನಡುವಿನ ಸೀಲ್) ಮೇಲೆ ಅನುಮಾನ. ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಆದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ ಅನುಮಾನ ಬಲವಾಗುತ್ತದೆ. ಪೆಟ್ರೋಲ್ ಎಂಜಿನ್‌ನಲ್ಲಿ ದಹನದ ಅನಿಲ ಕೂಲಂಟ್‌ಗೆ ಸೇರುತ್ತಿದ್ದರೆ ಕೂಲಂಟ್ ಮೇಲಿನ ಗಾಳಿಯನ್ನು ಎಳೆದು ಪರೀಕ್ಷಿಸುವ ಬ್ಲಾಕ್ ಟೆಸ್ಟರ್‌ನ ನೀಲಿ ದ್ರವ ಹಳದಿಗೆ ತಿರುಗುತ್ತದೆ. ಟೆಸ್ಟರ್ ಕೂಲಂಟನ್ನೇ ಎಳೆದುಕೊಳ್ಳದಂತೆ ಮಟ್ಟವನ್ನು ಮೊದಲು ಇಳಿಸಿಕೊಳ್ಳಬೇಕು. ಆಟೋಮ್ಯಾಟಿಕ್ ಗಾಡಿಯಲ್ಲಿ ಗೇರ್ ಎಣ್ಣೆಯ ಕೂಲರ್ ರೇಡಿಯೇಟರ್ ಒಳಗೇ ಇದ್ದು, ಕೂಲಂಟ್ ಗುಲಾಬಿ ಕೆನೆಯಂತಾಗಿದ್ದರೆ ಆ ಗಾಡಿಯನ್ನು ಮತ್ತೆ ಓಡಿಸಬಾರದು. ನೀರು ಸೇರಿದರೆ ಗೇರ್‌ಬಾಕ್ಸ್ ಕ್ಲಚ್‌ಗಳು ಹಾಳಾಗುತ್ತವೆ.

ಕಟ್ಟಿದ ಹೀಟರ್ ಕೋರ್ ತೊಳೆಯುವಾಗ ಹಳೆಯ ಪೈಪನ್ನು ತಿರುಚಿ ಎಳೆಯಬೇಡಿ, ಕೋರ್‌ನ ಮೂತಿ ಮುರಿಯುತ್ತದೆ. ಪೈಪನ್ನು ಉದ್ದಕ್ಕೆ ಸೀಳಿ ಬಿಡಿಸಿ, ಹೊಸದು ಹಾಕಿ. ಹೊರಬರುವ ಮೂತಿಯಿಂದ ಉಲ್ಟಾ ನೀರು ಬಿಡಿ. ನಲ್ಲಿ ಪೂರ್ತಿ ತಿರುಗಿಸಬೇಡಿ. ಪಾರದರ್ಶಕ ಪೈಪ್ ಜೋಡಿಸಿದರೆ ಕಂದು ಕೆಸರು ನಿಂತು ತಿಳಿನೀರು ಬರುವುದು ಕಣ್ಣಿಗೆ ಕಾಣುತ್ತದೆ.

ಮತ್ತೆ ತುಂಬುವಾಗ ಬಹಳ ಜನ ಲೆಕ್ಕ ತಪ್ಪುತ್ತಾರೆ. ತೊಳೆದ ಮೇಲೆ ಎಂಜಿನ್ ಬ್ಲಾಕ್‌ನಲ್ಲಿ ಲೀಟರ್‌ಗಟ್ಟಲೆ ನೀರು ಉಳಿದಿರುತ್ತದೆ. ಒಟ್ಟು ಸಾಮರ್ಥ್ಯ 12 ಲೀಟರ್ ಆದರೆ ಮೊದಲು 6 ಲೀಟರ್ ನೀರು ಬೆರೆಸದ ಕೂಲಂಟ್, ಉಳಿದ ಜಾಗಕ್ಕೆ ಡಿಸ್ಟಿಲ್ಡ್ ವಾಟರ್. ಬಣ್ಣ ನೋಡಿ ಕೂಲಂಟ್ ಕೊಳ್ಳಬೇಡಿ, ಗಾಡಿಯ ಕೈಪಿಡಿಯಲ್ಲಿರುವ ದರ್ಜೆ ನೋಡಿ. ಮುಂಭಾಗ ಎತ್ತರಿಸಿ, ಹೀಟರ್ ಗರಿಷ್ಠಕ್ಕಿಟ್ಟು, ಬ್ಲೀಡ್ ಸ್ಕ್ರೂ (ಗಾಳಿ ಹೊರಬಿಡುವ ತಿರುಪು) ಇದ್ದರೆ ಅದರಿಂದ ಗುಳ್ಳೆಯಿಲ್ಲದ ಧಾರೆ ಬರುವವರೆಗೆ ತುಂಬಿ. ಕ್ಯಾಪ್ ಜಾಗಕ್ಕೆ ಬ್ಲೀಡಿಂಗ್ ಫನಲ್ ಕೂರಿಸಿ ಥರ್ಮೋಸ್ಟಾಟ್ ತೆರೆಯುವವರೆಗೆ ಐಡಲ್‌ನಲ್ಲಿ ಓಡಿಸಿ, ಆಮೇಲೆ 2000 ಆರ್‌ಪಿಎಂ ಸುತ್ತಮುತ್ತ ಸ್ವಲ್ಪ ಹೊತ್ತು ಹಿಡಿಯಿರಿ. ಫನಲ್‌ನಲ್ಲಿ ಗುಳ್ಳೆ ನಿಂತು, ಐಡಲ್‌ನಲ್ಲೂ ಹೀಟರ್ ಬಿಸಿಯಾಗಿಯೇ ಉಳಿದರೆ ಗಾಳಿ ಹೊರಬಿದ್ದಿದೆ. ಹಿಂದಿನ ಹೀಟರ್ ಇದ್ದರೆ ಅದನ್ನೂ ಹಾಕಿಯೇ ಇದನ್ನು ಮಾಡಬೇಕು. ಮರುದಿನ ಎಂಜಿನ್ ತಣ್ಣಗಿರುವಾಗ ಮಟ್ಟ ಇಳಿದಿದ್ದರೆ ತುಂಬಿ, ಹೊಸ ಹೋಸ್‌ಗಳ ಕ್ಲಾಂಪ್ ಇನ್ನೊಮ್ಮೆ ಬಿಗಿಮಾಡಿ.